ಫೋನು ನಿನ್ನ ಕೈಯಲ್ಲೇ ಇರಲಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಶೇಂಗಾ ಚಟ್ನಿಪುಡಿ ವ್ಯಾಪಾರದ ಸುದ್ದಿ, ಹಬ್ಬದ ಆರ್ಡರು, ಹೊಸ ಮಿಕ್ಸರು ಎಲ್ಲ ಓದಿ ಸಂತೋಷವಾಯಿತು. ಆದರೆ ಕೊನೆಗೆ ಬರೆದಿದ್ದೀಯಲ್ಲ, "ದೂರಿನ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತೆ ಮಾವ, ಅದಕ್ಕೇ ಫೋನನ್ನು ಪ್ಯಾಕಿಂಗ್ ಹುಡುಗನಿಗೆ ಕೊಟ್ಟುಬಿಟ್ಟಿದ್ದೀನಿ" ಅಂತ, ಅದನ್ನ ಓದಿದ ಮೇಲೆ ನನಗೆ ಬೇರೇನೂ ತಲೆಗೆ ಹತ್ತಲಿಲ್ಲ.

ಚಟ್ನಿಪುಡಿ ಕಮಟು ವಾಸನೆ ಅಂತ ಹುಬ್ಬಳ್ಳಿ ಅಂಗಡಿಯವರು ಮಾಲು ವಾಪಸ್ ಕಳಿಸಿದ್ದು ದೊಡ್ಡದಲ್ಲ. ಶೇಂಗಾ ಅಂದಮೇಲೆ ಒಮ್ಮೊಮ್ಮೆ ಕಮಟಾಗುತ್ತೆ. ಆ ಮಾತು ನಿನ್ನ ಕಿವಿಗೆ ನೇರವಾಗಿ ಬೀಳಲಿಲ್ಲವಲ್ಲ, ಅದು ನನ್ನನ್ನು ಕಾಡುತ್ತಿದೆ.

ನಾನು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಲೆಕ್ಕ ಬರೆಯುತ್ತಿದ್ದಾಗ ಊರಿಗೆ ಊರೇ ಶೇಂಗಾ ಎಣ್ಣೆಯ ಘಮ. ದೊಡ್ಡ ಸಾಹುಕಾರರ ಕಾಲದಲ್ಲಿ ಯಾರಾದರೂ 15 ಕೆಜಿ ಡಬ್ಬ ಹೊತ್ತು ತಂದು "ನೊರೆ ಬರುತ್ತೆ ಸಾಹುಕಾರ್ರೇ" ಅಂದರೆ, ಅವರೇ ಎದ್ದು ಬಂದು ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ತಿಕ್ಕಿ, ಮೂಸಿ ನೋಡೋರು. ಆಮೇಲೆ ಗೋದಾಮಿಗೆ ಹೋಗಿ ಚೀಲದಿಂದ ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸೋರು. ಗಲಗಲ ಅಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಹಸಿ. ಬೈಸಿಕೊಂಡು, ಡಬ್ಬ ಬದಲಾಯಿಸಿಕೊಟ್ಟು, ಟೀ ಕುಡಿಸಿ ಕಳಿಸೋರು.

ಅವರ ಮಗನ ಕಾಲಕ್ಕೆ "ಏನಿದ್ದರೂ ಗುಮಾಸ್ತರ ಹತ್ತಿರ ಹೇಳಿ" ಅಂತಾಯ್ತು. ನಾನು ಬರೆದು ಒಳಗೆ ಕಳಿಸುತ್ತಿದ್ದೆ, ಚೀಟಿಗಳು ಅಲ್ಲೇ ಉಳಿಯುತ್ತಿದ್ದವು. ತೊಂಬತ್ತರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬಂತು. ಹೊಡೆತ ಎಲ್ಲ ಮಿಲ್ಲಿಗೂ ಬಿತ್ತು. ನಮ್ಮಲ್ಲಿಗೆ ಮಾತ್ರ ಬೈಯೋಕೂ ಯಾರೂ ಬರಲಿಲ್ಲ. ಹಿಂದೆ ಜಗಳಕ್ಕೇ ನಿಲ್ಲುತ್ತಿದ್ದ ಅಂಗಡಿಯವರು ನಗುನಗುತ್ತಾ ಬಾಕಿ ಚುಕ್ತಾ ಮಾಡಿ ಹೋದರು. ಆ ನಗು ನೆನೆದರೆ ಈಗಲೂ ಸಂಕಟವಾಗುತ್ತೆ. ಯಾಕೆ ಬಿಟ್ಟಿರಿ ಅಂತ ಅವರ ಅಂಗಡಿಗೇ ಹೋಗಿ ಕೇಳುವ ಆಸೆ ನನಗಿತ್ತು, ಗುಮಾಸ್ತನ ಕೈಯಲ್ಲಿ ಏನಿತ್ತು ಹೇಳು.

ನಿನ್ನ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅಕ್ಕನಿಗೆ ಬೇಜಾರಾಗುತ್ತೆ ಅಂತ ಅರ್ಧ ನುಂಗಿ ಹೇಳುತ್ತಾನೆ. "ತಿಪ್ಪೆಗೆ ಸುರಿದೆವು" ಅಂದದ್ದು "ಸ್ವಲ್ಪ ರುಚಿ ವ್ಯತ್ಯಾಸವಂತೆ" ಅಂತಾಗುತ್ತೆ. ಪೊಟ್ಟಣದ ಮೇಲೆ ದೂರಿಗೊಂದು ನಂಬರ್ ಇರಲೇಬೇಕು ಅಂತ ಕಾನೂನೇ ಇದೆ. ಅದನ್ನು ನೋಡಿ ಫೋನ್ ಮಾಡುವವರು ನಿನ್ನನ್ನು ಇನ್ನೂ ಬಿಟ್ಟಿಲ್ಲ ಪುಟ್ಟಿ.

ನಷ್ಟದ ವಿಷಯ ಕೆಲಸದ ಹೆಂಗಸರಿಗೆ ಹೇಳಿಲ್ಲ ಅಂದೆಯಲ್ಲ, ಅದೂ ಇದೇ ಭಯ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಟ್ಟಿದ ದರ ಬೆಂಗಳೂರಿನ ಎಂಟಿಆರ್ ಹೋಟೆಲಿನವರಿಗೆ ಗಿಟ್ಟಲಿಲ್ಲ. ಅದರ ಮಾಲೀಕರಾದ ಮಯ್ಯರು ಗುಣಮಟ್ಟ ಇಳಿಸಲಿಲ್ಲ, ದಿನದಿನದ ನಷ್ಟವನ್ನು ಹೋಟೆಲಿನ ಹೊರಗೆ ಬೋರ್ಡಿನ ಮೇಲೆ ಬರೆದು ಹಾಕಿದರು. ಹೋಟೆಲ್ ಮುಚ್ಚಬೇಕಾಗಿ ಬಂದಾಗ ಕೆಲಸಗಾರರನ್ನು ಕೈಬಿಡಬಾರದು ಅಂತ ಮಿಕ್ಸು, ಮಸಾಲೆಪುಡಿಗಳಿಗೆ ಕೈ ಹಾಕಿದರು. ಅಷ್ಟು ದೊಡ್ಡವರೇ ಬೀದಿಗೆ ಕಾಣುವ ಹಾಗೆ ಬರೆದರು. ನಿನ್ನ ಹೆಂಗಸರು ಮನೆಯವರಂತೆ ಇದ್ದಾರೆ, ಅವರಿಗೆ ಹೇಳಲು ಹೆದರಿಕೆ ಯಾಕೆ? ಶೇಂಗಾ ಹುರಿಯುವವರು ಅವರೇ, ಎಲ್ಲಿ ತಪ್ಪಿತು ಅನ್ನೋದು ಅವರಿಗೇ ಮೊದಲು ಹೊಳೆದೀತು.

ಉಪಾಯ ಹೇಳುವಷ್ಟು ನಿನ್ನ ವ್ಯಾಪಾರ ನನಗೆ ತಿಳಿಯದು. ಹುರಿದದ್ದು ಪೂರ್ತಿ ಆರುವ ಮೊದಲೇ ಪೊಟ್ಟಣ ಕಟ್ಟುತ್ತಿದ್ದೀರಾ ನೋಡು, ಬಿಸಿ ಇದ್ದರೆ ಒಳಗೆ ಬೆವರುತ್ತೆ. ವಾಪಸ್ ಬಂದ ಮಾಲಿನ ಬ್ಯಾಚ್ ನಂಬರ್ ಹಿಡಿದು ಅದು ಯಾವ ಚೀಲದ ಶೇಂಗಾ ಅಂತ ಹುಡುಕು. ಇದನ್ನೆಲ್ಲ ಆಗಲೇ ಮಾಡಿದ್ದರೆ ಬಿಡು. ಫೋನ್ ಎತ್ತಿದಾಗ "ಬೇರೆ ಯಾರೂ ಹೀಗೆ ಹೇಳಿಲ್ಲ" ಅನ್ನೋ ಮಾತು ನಾಲಿಗೆ ತುದಿಗೆ ಬರುತ್ತೆ, ಅದನ್ನೊಂದು ತಡೆದುಕೋ. ಎದೆ ಧಸಕ್ಕೆಂದರೆ ಅನ್ನಲಿ.

ಹುಬ್ಬಳ್ಳಿಯವರಿಗೆ ನಾಳೆಯೇ ನೀನೇ ಮಾತಾಡು. ಅವರು ಏನಂದರು ಅಂತ, ಬೈದಿದ್ದರೆ ಬೈದದ್ದೂ ಸೇರಿಸಿ, ನನಗೆ ಬರೆ.

ಇಂತಿ ನಿನ್ನ ಮಾವ