ಅನುಮಾನ ಬಂದ್ರೆ ಸಾಕು, ಬರೆದು ಕಳಿಸ್ಬೇಕು

ಸಂಪಾದಕರಿಗೆ ನಮಸ್ಕಾರ,

ಔಷಧಿ ಸೈಡ್ ಎಫೆಕ್ಟ್ ವಿಷಯ ಬಂದಾಗೆಲ್ಲ ಡಾಕ್ಟರ್ ಏನಂದ್ರು, ಕಂಪನಿಯವ್ರು ಏನಂದ್ರು ಅಂತ ಕೇಳ್ತಾರೆ, ಆಸ್ಪತ್ರೆ ಫಾರ್ಮಸಿ ಒಳಗೆ ಕೂತಿರೋರನ್ನ ಯಾರೂ ಕೇಳಲ್ಲ. ನಾನು ವರ್ಷಗಟ್ಲೆ ಅದೇ ಕೆಲಸ ಮಾಡ್ದೋಳು, ಅದಕ್ಕೆ ಬರೀತಿದೀನಿ.

ಎಷ್ಟೋ ಸಲ ನಮಗೆ ರೋಗಿ ಮುಖ ಕಾಣಲ್ಲ, ವಾರ್ಡ್‌ನಿಂದ ಬರೋ ಇಂಡೆಂಟ್, ಅಂದ್ರೆ ಇಂಥ ಔಷಧಿ ಕಳಿಸಿ ಅನ್ನೋ ಚೀಟಿ ಕಾಣತ್ತೆ. ನಿನ್ನೆ ಶುರು ಮಾಡಿದ ಆಂಟಿಬಯಾಟಿಕ್ ಇವತ್ತು ದಿಢೀರಂತ ನಿಲ್ಸಿ, ಅದೇ ಬೆಡ್‌ಗೆ ಅಲರ್ಜಿ ಇಂಜೆಕ್ಷನ್ನು, ಹೈಡ್ರೋಕಾರ್ಟಿಸೋನ್ ಕಳಿಸಿ ಅಂದ್ರು ಅಂದ್ರೆ ಅಲ್ಲೇನೋ ಆಗಿದೆ ಅಂತ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತಗೊಳ್ತಿರೋರಿಗೆ ಅದರ ಪರಿಣಾಮ ಇಳಿಸೋ ವಿಟಮಿನ್ ಕೆ ತುರ್ತಾಗಿ ಕೇಳಿದ್ರೂ ಅಷ್ಟೆ, ನೋವಿಗೆ ಮಾರ್ಫಿನ್ ಕೊಟ್ಟ ವಾರ್ಡ್‌ನವ್ರು ಅದರ ಪರಿಣಾಮ ತಡೆಯೋ ನಲೋಕ್ಸೋನ್ ಕೇಳಿದ್ರೂ ಅಷ್ಟೆ. ಆ ಚೀಟಿ ಮೊದ್ಲು ಬರೋದು ನಮ್ಮ ಕೈಗೇ.

ಒಂದ್ಸಲ ಫಿಟ್ಸ್‌ಗೆ ಕಾರ್ಬಮಜೆಪಿನ್ ಶುರು ಮಾಡಿದ್ದ ಹುಡುಗಿಗೆ ಎರಡನೇ ವಾರದಲ್ಲಿ ಜ್ವರ ಬಂತು, ಮೈಯೆಲ್ಲ ಕೆಂಪು ದದ್ದು, ತುಟಿ, ಬಾಯೊಳಗೆಲ್ಲ ಹುಣ್ಣು. ಮಾತ್ರೆ ನಿಲ್ಸಿದ್ರು, ಹುಡುಗಿ ಉಳ್ಕೊಂಡ್ಳು. ಆದ್ರೆ ಡಿಸ್ಚಾರ್ಜ್ ಆಗುವಾಗ 'ಚರ್ಮದ ಅಲರ್ಜಿ' ಅಂತಷ್ಟೇ ಬರೆದಿದ್ರು, ಯಾವ ಔಷಧಿಯಿಂದ ಅಂತ ಇರ್ಲಿಲ್ಲ, ಔಷಧಿ ಸೈಡ್ ಎಫೆಕ್ಟ್‌ಗಳ ಲೆಕ್ಕ ಇಡೋರಿಗೆ ವರದಿನೂ ಹೋಗ್ಲಿಲ್ಲ. ಡಾಕ್ಟರ್ ಬರೀತಾರೆ ಅಂತ ನಾನು ಸುಮ್ನಿದ್ದೆ, ಬೇರೆ ಯಾರೋ ಬರೀತಾರೆ ಅಂತ ಅವ್ರೂ ಸುಮ್ನಿದ್ರು. ಕೆಲವು ತಿಂಗಳಾದ್ಮೇಲೆ ಅವಳಮ್ಮ ಇನ್ನೆಲ್ಲೋ ಬರೆಸ್ಕೊಂಡು ಬಂದ ಚೀಟಿ ಕೌಂಟರ್‌ಗೆ ಕೊಟ್ರು, ನೋಡಿದ್ರೆ ಅದೇ ಮಾತ್ರೆ! ನನಗೆ ಹೆಸರು ನೆನಪಿತ್ತು, ಅದಕ್ಕೆ ತಪ್ತು. ಅವತ್ತು ನಾನು ರಜೆ ಹಾಕಿದ್ದಿದ್ರೆ ಏನಾಗ್ತಿತ್ತು ಅಂತ ಈಗ್ಲೂ ಎದೆ ಝಲ್ಲನ್ನತ್ತೆ. (ಇಂಥೋರಿಗೆ ಫೆನಿಟಾಯಿನ್ ಅನ್ನೋ ಇನ್ನೊಂದು ಫಿಟ್ಸ್ ಔಷಧಿ ಕೊಡುವಾಗ್ಲೂ ತುಂಬ ಹುಷಾರಾಗಿರ್ಬೇಕು, ಅದಕ್ಕೂ ಹೀಗೇ ಆಗ್ಬಹುದು.)

ವರದಿ ಮಾಡಿ ಅಂದ್ರೆ ನಮ್ಮೋರು ಹೇಳೋದು 'ಗ್ಯಾರಂಟಿ ಇಲ್ವಲ್ಲ' ಅಂತ. ಗ್ಯಾರಂಟಿ ಯಾರೂ ಕೇಳ್ತಿಲ್ಲ. ಯಾವ ರೋಗಿ, ಯಾವ ಔಷಧಿ ಮೇಲೆ ಅನುಮಾನ, ಏನಾಯ್ತು, ಬರೆದೋರು ಯಾರು, ಇಷ್ಟಿದ್ರೆ ವರದಿ ಆಯ್ತು. ರೋಗಿ ಪೂರ್ತಿ ಹೆಸರೂ ಬೇಕಿಲ್ಲ, ಇನಿಷಿಯಲ್, ವಯಸ್ಸು ಸಾಕು. ಶುರು ಮಾಡಿದ ತಾರೀಕು, ನಿಲ್ಸಿದ ಮೇಲೆ ಕಡಿಮೆ ಆಯ್ತಾ, ಬ್ಯಾಚ್ ನಂಬರ್ ಏನು, ಇದೆಲ್ಲ ಸೇರಿದ್ರೆ ಇನ್ನೂ ಒಳ್ಳೇದು, ಮತ್ತೆ ಅದನ್ನೆಲ್ಲ ಫಾರ್ಮಸಿಸ್ಟ್‌ಗಿಂತ ಸಲೀಸಾಗಿ ತೆಗೆದುಕೊಡೋರು ಆಸ್ಪತ್ರೇಲಿ ಇನ್ಯಾರಿದಾರೆ?

ಮಾರ್ಕೆಟ್‌ಗೆ ಬರೋ ಮುಂಚೆ ಔಷಧಿನ ಸಾಮಾನ್ಯವಾಗಿ ಕೆಲವೇ ಸಾವಿರ ಜನರ ಮೇಲೆ ಪರೀಕ್ಷೆ ಮಾಡಿರ್ತಾರೆ. 10,000 ಜನರಲ್ಲಿ ಒಬ್ರಿಗೆ ಆಗೋ ತೊಂದ್ರೆ ಒಂದ್ಸಲನಾದ್ರೂ ಹೆಚ್ಚುಕಮ್ಮಿ ಖಂಡಿತ ಕಣ್ಣಿಗೆ ಬೀಳ್ಬೇಕು ಅಂದ್ರೆ ಸುಮಾರು 30,000 ಜನ ತಗೊಂಡಿರ್ಬೇಕು. ಹಾಗಾಗಿ ಅದು ಗೊತ್ತಾಗೋದೇ ಆಮೇಲೆ, ವಾರ್ಡ್‌ಗಳಲ್ಲಿ. ಬಸುರಿಯರು ವಾಕರಿಕೆ, ನಿದ್ದೆಗೆ ಅಂತ ತಗೊಂಡ ಥಾಲಿಡೊಮೈಡ್ ಅನ್ನೋ ಮಾತ್ರೆಯಿಂದ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೀದೆ, ಬೇರೆ ಬೇರೆ ಊನಗಳ ಜೊತೆ ಹುಟ್ಟಿದ್ರು. 1961ರಲ್ಲಿ ಆಸ್ಟ್ರೇಲಿಯಾದ ಹೆರಿಗೆ ಡಾಕ್ಟರ್ ವಿಲಿಯಂ ಮೆಕ್‌ಬ್ರೈಡ್ ಲ್ಯಾನ್ಸೆಟ್ ಪತ್ರಿಕೆಗೆ ಬರೆದಿದ್ದು ಕೆಲವೇ ಸಾಲಿನ ಪತ್ರ, ಇಂಥ ಮಕ್ಕಳನ್ನ ಬೇರೆ ಯಾರಾದ್ರೂ ನೋಡಿದೀರಾ ಅಂತ. ಅವ್ರೂ ಕೇಳಿದ್ದು ಪ್ರಶ್ನೆನೇ.

ಆ ದುರಂತದ ನಂತ್ರ ಬ್ರಿಟನ್‌ನಲ್ಲಿ 1964ರಲ್ಲಿ ಸೈಡ್ ಎಫೆಕ್ಟ್ ವರದಿ ಮಾಡೋ ಹಳದಿ ಕಾರ್ಡ್ ಬಂತು, ಆದ್ರೆ ಅಲ್ಲಿನ ಆಸ್ಪತ್ರೆ ಫಾರ್ಮಸಿಸ್ಟ್‌ಗಳು ಅದನ್ನ ತಾವೇ ತುಂಬಿ ಕಳಿಸೋಕೆ 1997ರವರೆಗೆ ಕಾಯ್ಬೇಕಾಯ್ತು. ಈಗ ಎಷ್ಟೋ ದೇಶದಲ್ಲಿ ಅವಕಾಶ ಇದೆ, ಬಿಡುವೇ ಇಲ್ಲ. ಹಲವು ದೇಶಗಳ ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2006ರ ಒಂದು ವಿಮರ್ಶೆ ಪ್ರಕಾರ 100ರಲ್ಲಿ 90ಕ್ಕೂ ಹೆಚ್ಚು ಸೈಡ್ ಎಫೆಕ್ಟ್‌ಗಳು ವರದಿನೇ ಆಗಲ್ಲ.

ಆಸ್ಪತ್ರೆ ನಡೆಸೋರಿಗೆ ನನ್ನ ವಿನಂತಿ ಇಷ್ಟೆ. ಸ್ಟಾಕ್, ಬಿಲ್ಲು, ಕೌಂಟರ್ ಎಲ್ಲ ಮುಗಿಸಿ ಡ್ಯೂಟಿ ಬಿಟ್ಟ ಮೇಲೆ ಫಾರ್ಮ್ ತುಂಬು ಅಂದ್ರೆ ಯಾರೂ ತುಂಬಲ್ಲ. ಒಬ್ಬ ಫಾರ್ಮಸಿಸ್ಟ್‌ನ ಡ್ಯೂಟಿ ಟೈಮಲ್ಲೇ ವಾರ್ಡ್‌ಗೆ ಕಳ್ಸಿ, ರೌಂಡ್ಸಲ್ಲಿ ನಿಲ್ಸಿ, ಕೇಸ್ ಶೀಟ್ ನೋಡೋಕೆ ಬಿಡಿ. ವರದಿ ಬರೆದೋರನ್ನ ಡಾಕ್ಟರ್ ತಪ್ಪು ಹುಡುಕ್ತಿದಾರೆ ಅನ್ನೋ ಹಾಗೆ ನೋಡ್ಬೇಡಿ. ಮತ್ತೆ ಔಷಧಿಯಿಂದ ತೊಂದ್ರೆ ಆದ ಪ್ರತಿ ರೋಗಿಗೂ ಆ ಔಷಧಿ ಹೆಸರು ದೊಡ್ಡದಾಗಿ ಬರೆದ ಒಂದು ಚೀಟಿ ಕೊಟ್ಟೇ ಮನೆಗೆ ಕಳಿಸಿ. ಆ ಹುಡುಗಿ ತಾಯಿಗೆ ಅದನ್ನ ನಾನು ಬರೆದುಕೊಟ್ಟಿದ್ದು ಎರಡನೇ ಸಲ ಬಂದಾಗ.

ಇಂತಿ,
ಒಬ್ಬ ಆಸ್ಪತ್ರೆ ಫಾರ್ಮಸಿಸ್ಟ್