ಅಪ್ಪನ ಎಚ್‌ಎಂಟಿ ಮತ್ತೆ ಸ್ಟಾರ್ಟ್ ಆಯಿತು, ಎಲ್ಲರಿಗೂ ಧನ್ಯವಾದ

ಬ್ರಹ್ಮಾವರದ ನಮ್ಮ ಮನೆಯಂಗಳದಲ್ಲಿ ಕಳೆದ ಭಾನುವಾರ ಅಪ್ಪನ ಎಚ್‌ಎಂಟಿ 2511 ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ಅಲ್ಲಿದ್ದವರಿಗೆ ಅಲ್ಲೇ ಕೈಮುಗಿದಿದ್ದೇನೆ. ಆದರೆ ಅವತ್ತು ಬರಲಾಗದವರು, ದುಡ್ಡು ಕೊಟ್ಟರೂ ಮುಟ್ಟದವರು ತುಂಬಾ ಜನ ಇದ್ದಾರೆ. ಇದು ಅವರಿಗಾಗಿ.

ಎಚ್‌ಎಂಟಿ ಅಂದರೆ ಜಾಸ್ತಿ ಜನರಿಗೆ ವಾಚು ನೆನಪಾಗುತ್ತದೆ, ಅಲ್ವಾ? ಅದೇ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. ಡಿಸೈನ್ ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿಯದ್ದು. 25 ಎಚ್‌ಪಿ, ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್. 2016ರಲ್ಲಿ ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ನಮ್ಮ ಕಡೆ ಇದರ ಸ್ಪೇರ್ ಪಾರ್ಟ್ ಹುಡುಕುವುದು ಎಷ್ಟು ಕಷ್ಟ ಎಂದು ಇಟ್ಟುಕೊಂಡವರಿಗೇ ಗೊತ್ತು.

ಅಪ್ಪ ಹೋದ ಮೇಲೆ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಒಂದು ಮಳೆಗಾಲದ ಗಾಳಿಗೆ ಮಾಡಿನ ಶೀಟು ಹಾರಿಹೋಯಿತು. ಸೈಲೆನ್ಸರಿನಿಂದ ನೀರು ಇಳಿದು, ಪಿಸ್ಟನ್ ಲೈನರಿಗೆ, ಅಂದರೆ ಅದು ಮೇಲೆ ಕೆಳಗೆ ಓಡುವ ಕೊಳವೆಗೆ, ಕಚ್ಚಿಕೊಂಡಿತು. ಗುಜರಿಯವರು ತೂಕಕ್ಕೆ ರೇಟು ಹೇಳಿ ಹೋದರು. ಅಮ್ಮ ಮಾತ್ರ ಕೊಡಲು ಒಪ್ಪಲಿಲ್ಲ.

ಮೊದಲ ಕೃತಜ್ಞತೆ ಮಲ್ಪೆಯ ಬೋಟ್ ಎಂಜಿನ್ ಮೇಸ್ತ್ರಿಗೆ. ಜೂನ್, ಜುಲೈ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳೆಲ್ಲ ರಿಪೇರಿಗೆ ಬರುತ್ತವೆ. ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಸಮಯ ಅದು. ಆದರೂ ಸಂಜೆ ಕೆಲಸ ಮುಗಿಸಿ ನಮ್ಮಲ್ಲಿಗೆ ಬರುತ್ತಿದ್ದರು. ಸಿಲಿಂಡರಿಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟರು. ಬಂದಾಗಲೆಲ್ಲ ಎಂಜಿನಿನ ಭಾರದ ಚಕ್ರ ಫ್ಲೈವೀಲನ್ನು ಒಂಚೂರು ಅಲುಗಿಸಿ ನೋಡುವುದು, ಸುಮ್ನೆ ಬಿಡುವುದು. ನಾನು ಸುತ್ತಿಗೆ ತರಲು ಎದ್ದರೆ, "ಅದೇ ಬಿಡ್ತದೆ ಮಾರಾಯ್ರೇ, ಗಡಿಬಿಡಿ ಎಂತಕ್ಕೆ?" ಎನ್ನುತ್ತಿದ್ದರು. ಒಂದು ಸಂಜೆ ಬಿಟ್ಟಿತು ಕೂಡ.

ಪಿಸ್ಟನ್ ತಿರುಗಿಸುವ ದಂಡ, ಕ್ರ್ಯಾಂಕ್, ಹೊರಗೆ ಬಂದಾಗ ಮೈಕ್ರೋಮೀಟರಿಗೂ ಮೊದಲು ಅದರ ಮೇಲೆ ಉಗುರು ಎಳೆದು ನೋಡಿದರು. ಉಗುರು ಸಿಕ್ಕಿಕೊಂಡಿತು, ಅಂದರೆ ಗೀರು ಬಿದ್ದಿದೆ. "ಗ್ರೈಂಡಿಂಗಿಗೆ ಹೋಗ್ಲಿ" ಅಂದರು. ಬೈಕಂಪಾಡಿಯ ವರ್ಕ್‌ಶಾಪಿನ ಅಣ್ಣ ಅದನ್ನು ಗ್ರೈಂಡ್ ಮಾಡಿ, ಆ ಅಳತೆಗೆ ತಕ್ಕ ಬೇರಿಂಗ್ ಕೂಡ ಅವರೇ ಹುಡುಕಿಕೊಟ್ಟರು. ತೆಗೆದುಕೊಂಡದ್ದು ಗ್ರೈಂಡಿಂಗಿನ ಮಜೂರಿ ಮಾತ್ರ.

ಲೈನರ್ ಕೂರಿಸಿದ ದಿನವನ್ನು ನಾನು ಮರೆಯುವುದಿಲ್ಲ. ಈ ಎಂಜಿನಿನಲ್ಲಿ ಲೈನರಿನ ಹೊರಮೈಗೇ ನೀರು ತಾಗುತ್ತದೆ. ಕೆಳಗಿನ ರಬ್ಬರ್ ರಿಂಗ್ ತಿರುಚಿಕೊಂಡರೆ ನೀರು ನೇರ ಆಯಿಲಿಗೆ ಇಳಿಯುತ್ತದೆ. ಮೇಸ್ತ್ರಿ ರಿಂಗಿಗೆ ಸೋಪಿನ ನೀರು ಸವರಿ, ಎರಡೂ ಅಂಗೈಯಲ್ಲಿ ಒತ್ತಿ, ಸದ್ದಿಲ್ಲದೆ ಇಳಿಸಿದರು. ಮೇಲಿನ ಅಂಚು ಬ್ಲಾಕಿಗಿಂತ ಕೂದಲೆಳೆಯಷ್ಟು ಎತ್ತರ ನಿಲ್ಲಬೇಕಂತೆ, ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಸರಿಯಾಗಿ ಹಿಡಿಯುವುದಿಲ್ಲ. ಪಟ್ಟಿ ಇಟ್ಟು ಸುತ್ತಲೂ ಅಳೆದರು, ಒಂದು ಲೈನರನ್ನು ಪುನಃ ತೆಗೆದು ಅಡಿಗೆ ತೆಳು ತಾಮ್ರದ ಬಳೆಯಂಥ ಶಿಮ್ ಹಾಕಿದರು. ಅಷ್ಟು ತಾಳ್ಮೆಗೆ ಯಾವ ಮಜೂರಿ ಕೊಟ್ಟರೂ ಕಡಿಮೆಯೇ.

ಹರಿಯಾಣದ ಒಬ್ಬ ರೈತರು ತಮ್ಮ ಗಾಡಿಯ ಟೈಮಿಂಗ್ ಗೇರಿನ (ವಾಲ್ವ್, ಪಿಸ್ಟನ್ ಓಟ ಹೊಂದಿಸುವ ಹಲ್ಲುಚಕ್ರ) ಗುರುತುಗಳ ಫೋಟೋ ಕಳಿಸಿದರು. ನನ್ನ ಹರಕು ಹಿಂದಿಯನ್ನು ಸಹಿಸಿಕೊಂಡು, ಲೂಧಿಯಾನಾದಿಂದ ಪಿಸ್ಟನ್, ರಿಂಗ್ ಸೆಟ್ ಪಾರ್ಸೆಲ್ ಮಾಡಿಸಿದರು. ಮುಖ ನೋಡದ ಮನುಷ್ಯ. ಭಾಯಿ ಸಾಬ್, ನಿಮಗೆ ದೊಡ್ಡ ನಮಸ್ಕಾರ. ಡೀಸೆಲ್ ಪಂಪು, ನಾಝಲ್ ಸರ್ವಿಸ್ ಮಾಡಿದ ಮಂಗಳೂರಿನ ಹುಡುಗರಿಗೂ ಥ್ಯಾಂಕ್ಸ್.

ಪಕ್ಕದ ಮನೆಯ ಶೆಟ್ರು ಏಣೆಲು ಬೇಸಾಯಕ್ಕೆ, ಅಂದರೆ ಮಳೆಗಾಲದ ಮೊದಲ ಬೆಳೆಗೆ, ನಮ್ಮ ಗದ್ದೆಯನ್ನೂ ತಮ್ಮ ಟಿಲ್ಲರಿನಲ್ಲೇ ಹೂಡಿಕೊಟ್ಟರು. ಬಾಡಿಗೆ ಎಷ್ಟೆಂದು ಕೇಳಿದರೆ ಸಿಟ್ಟು ಮಾಡುತ್ತಾರೆ.

ಭಾನುವಾರ ಡೀಸೆಲ್ ಲೈನಿನ ಗಾಳಿ ತೆಗೆದು, ನಾಝಲ್ ಪೈಪಿನ ನಟ್ಟು ಬಿಗಿದು, ಸೆಲ್ಫ್ ಹೊಡೆದೆವು. ಮೊದಲು ಬರೀ ಬಿಳಿ ಹೊಗೆ. ಆಮೇಲೆ ಒಂದು ಸಿಲಿಂಡರ್ ಹಿಡಿಯಿತು, ಹಿಂದೆಯೇ ಇನ್ನೊಂದು. ಅಮ್ಮ ಗೋಳಿಬಜೆಯ ತಟ್ಟೆ ಹಿಡಿದುಕೊಂಡೇ ಅತ್ತರು.

ಹೊಸ ರಿಂಗ್ ಹೊಂದಿಕೊಳ್ಳುವವರೆಗೆ ಜಾಸ್ತಿ ಲೋಡ್ ಹಾಕುವುದಿಲ್ಲ. ಆಮೇಲೆ ಶೆಟ್ರ ಸುಗ್ಗಿ ಬೇಸಾಯದ, ಅಂದರೆ ಎರಡನೇ ಬೆಳೆಯ, ಗದ್ದೆ ಹೂಡುವುದು ನನ್ನ ಲೆಕ್ಕಕ್ಕೆ. ಇನ್ನೊಂದು ಮಾತು: ಬಿಡಿಭಾಗಕ್ಕೆಂದು ತಂದ ಹಳೆಯ ಹೆಡ್, ಆಯಿಲ್ ಪಂಪ್ ನಮ್ಮಲ್ಲಿ ಉಳಿದಿವೆ. ಯಾರಾದರೂ 2511 ರಿಪೇರಿ ಮಾಡಿಸುತ್ತಿದ್ದರೆ ಬಂದು ಹಾಗೆಯೇ ತೆಗೆದುಕೊಂಡು ಹೋಗಿ, ದುಡ್ಡು ಬೇಡ.