ತಮ್ಮನ ಗೇಮಿಂಗ್ ಕಂಪ್ಯೂಟರಿಗೆ ದುಡ್ಡು ಕೊಡುವ ಮೊದಲು

ತೀರ್ಥಹಳ್ಳಿ

ಚಿ. ಸುಮಂತನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ತಮ್ಮನ ಕಂಪ್ಯೂಟರಿಗೆಂದು ನೀನು ಕಳಿಸಿದ ಎರಡೂ ಪಟ್ಟಿ ನೋಡಿದೆ. ‘ಐ7 ಗೇಮಿಂಗ್ ಸಿಸ್ಟಂ, 4 ಜಿಬಿ ಗ್ರಾಫಿಕ್ಸ್’ ಅಂತಿರುವ ಅಗ್ಗದ್ದನ್ನು ಇವತ್ತೇ ಕೈಬಿಡು. ಅದು ಐ7-3770, 2012ರ ಪ್ರೊಸೆಸರ್. ಜೊತೆಗೆ ಕೊಡುವ ಜಿಟಿ 730 ಕಾರ್ಡಿನಲ್ಲಿ 4 ಜಿಬಿ ಇದ್ದ ಮಾತ್ರಕ್ಕೆ ಗೇಮ್ ಓಡಿಸುವ ಶಕ್ತಿ ಬರುವುದಿಲ್ಲ. ಮೈಕ್ರೋಸಾಫ್ಟಿನವರು ಆ ಪ್ರೊಸೆಸರಿಗೆ ವಿಂಡೋಸ್ 11 ಕೊಡುವುದಿಲ್ಲ. ಹುಡುಗ ಕೇಳುತ್ತಿರುವ ವ್ಯಾಲರಂಟ್ ಆಟ ಅಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳಲ್ಲಿ ಒಂದಿಲ್ಲದಿದ್ದರೂ ತೆರೆಯುವುದೇ ಇಲ್ಲ.

ಎರಡನೇ ಪಟ್ಟಿಯಲ್ಲಿ ಸಾಮಾನು ಹೊಸದೇ, ಆದರೆ ದುಡ್ಡು ಹೋಗಬಾರದ ಕಡೆ ಹೋಗಿದೆ. ಪ್ರೊಸೆಸರ್ ರೈಜನ್ 7 ಬೇಡ, ರೈಜನ್ 5 5600 ಸಾಕು; ಅದು ಸಿಗದಿದ್ದರೆ ಐ3-12100ಎಫ್, ಅದಕ್ಕೆ ಹೊಂದುವ ಬೇರೆ ಮದರ್‌ಬೋರ್ಡಿನೊಂದಿಗೆ. ಉಳಿದದ್ದನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹಾಕು. 8 ಜಿಬಿಯ ಆರ್‌ಎಕ್ಸ್ 6600 ಇದ್ದರೆ 1080ಪಿ ಮಾನಿಟರಿನಲ್ಲಿ ಆಟ ಚೆನ್ನಾಗಿಯೇ ನಡೆಯುತ್ತದೆ. ಈ ಎರಡೂ ಪ್ರೊಸೆಸರಿನಲ್ಲಿ ಒಳಗ್ರಾಫಿಕ್ಸ್ ಇಲ್ಲ, ಹಾಗಾಗಿ ಕಾರ್ಡು ಆಮೇಲೆ ತಗೊಂಡರಾಯ್ತು ಅಂದುಕೊಳ್ಳಬೇಡ. ಅದಿಲ್ಲದೆ ಪರದೆಯೇ ಬರುವುದಿಲ್ಲ. 5600ಕ್ಕೆ ಬಿ450 ಅಥವಾ ಬಿ550 ಬೋರ್ಡು ತಗೊಂಡರೆ ಅಂಗಡಿಯಲ್ಲೇ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸು. ಹಳೆ ಬಯಾಸ್ ಆ ಪ್ರೊಸೆಸರನ್ನು ಗುರುತಿಸುವುದಿಲ್ಲ, ಫ್ಯಾನ್ ತಿರುಗುತ್ತಲೇ ಇರುತ್ತದೆ, ಪರದೆ ಮಾತ್ರ ಕಪ್ಪು. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಜೋಡಿ ತಗೋ, 3200ರ ವೇಗದ್ದು. ನಾಲ್ಕು ಸ್ಲಾಟಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದರಲ್ಲಿ ಕೂರಿಸಿ, ಬಯಾಸಿನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡು. ಮರೆತರೆ 2133 ಇಲ್ಲವೇ 2400ರಲ್ಲೇ ತೆವಳುತ್ತದೆ. ಆಟ, ಫೈಲು ಇಡುವ ಎಸ್‌ಎಸ್‌ಡಿ 500 ಜಿಬಿಯದು ಸಾಕು, ಎನ್‌ವಿಎಂಇ ಎಂಬ ವೇಗದ ಬಗೆಯದು.

ಇನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ. ನಮ್ಮ ಕಡೆಯ ಕರೆಂಟಿಗೆ ಇದರಲ್ಲಿ ಉಳಿತಾಯ ಮಾಡಲೇಬಾರದು ಮಾರಾಯ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಅಲ್ಲೇ ಬಿಟ್ಟು ಬಾ. 80 ಪ್ಲಸ್ ಬ್ರಾನ್ಜ್ ಎಂಬ ದಕ್ಷತೆಯ ಗುರುತು ಇರುವ, ಹೆಸರಿರುವ ಕಂಪನಿಯ 550 ವ್ಯಾಟಿನದು ತಗೋ. ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ +12ವಿ ಎಂಬ ಕಾಲಂ ಕೆಳಗೆ 40 ಆಂಪಿಯರಿನ ಆಸುಪಾಸು ಇರಬೇಕು. ಅಲ್ಲಿ 18–20 ಇದ್ದರೆ ಮೇಲೆ ಎಷ್ಟೇ ದಪ್ಪಕ್ಷರದಲ್ಲಿ ವ್ಯಾಟ್ ಬರೆದಿದ್ದರೂ ನಂಬಬೇಡ. ಕಾರ್ಡು, ಪ್ರೊಸೆಸರ್ ಎರಡೂ ಎಳೆಯುವುದು ಆ ಸಾಲಿನಿಂದಲೇ. ಆಟ ಜೋರಾದಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಆಡುವಾಗ ಮಾನಿಟರ್ ಸೇರಿ 300 ವ್ಯಾಟ್ ಹತ್ತಿರ ಹೋಗುವುದರಿಂದ 600 ವಿಎ ಯುಪಿಎಸ್ ಏದುಸಿರು ಬಿಡುತ್ತದೆ. 1000 ವಿಎದು ಹಾಕಿಸು.

ಅದಕ್ಕೂ ಮುಂಚೆ ಅರ್ಥಿಂಗ್ ನೋಡಿಸು. ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್–ಅರ್ಥ್ ನಡುವೆ ಅಳೆದಾಗ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು, ಫೇಸ್–ಅರ್ಥ್ ನಡುವೆ 230ರ ಹತ್ತಿರ ಬರಲೇಬೇಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥ್ ಇಲ್ಲವೆಂದೇ ತಿಳಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ, ಅರ್ಥ್ ಗುಂಡಿಗೆ ಆಗಾಗ ನೀರು ಹಾಕಬೇಕು. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಲು ಹುಡುಗನಿಗೆ ಹೇಳು.

ಮಳೆಗಾಲದಲ್ಲಿ ದಿನಾ ಒಂದು ಗಂಟೆಯಾದರೂ ಆನ್ ಇರಲಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಧೂಳಿನ ಮೇಲೆ ತೇವ ಕೂತರೆ ಬೋರ್ಡಿನ ಕಾಲುಗಳು ಹಸಿರುಗಟ್ಟಿ ಕೆಡುತ್ತವೆ. ನೆಲಕ್ಕಿಡದೆ, ಗೋಡೆಗೆ ತಾಗಿಸದೆ ಇಡಿ. ಹಿಂದಿನ ಖಾಲಿ ಸ್ಲಾಟುಗಳನ್ನು ಮುಚ್ಚುವ ತಗಡಿನ ಪಟ್ಟಿ ತೆಗೆದು ಬಿಸಾಡಬೇಡಿ. ಆ ಸಂದಿಯಲ್ಲೇ ಹಲ್ಲಿ ಬೆಚ್ಚಗಿರುವ ಜಾಗ ಹುಡುಕಿ ಒಳಗೆ ಸೇರುವುದು.

ಜೋಡಿಸಿದ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸು. ಪ್ರತಿಯೊಂದಕ್ಕೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ತಗೋ. ನಾಳೆ ಶಿವಮೊಗ್ಗಕ್ಕೆ ಹೋದಾಗ ದುಡ್ಡು ಕೊಡುವ ಮೊದಲು ಎಸ್‌ಎಂಪಿಎಸ್ ಚೀಟಿಯ ಫೋಟೊ ಕಳಿಸು, ನೋಡಿ ಹೇಳುತ್ತೇನೆ.

ಇಂತು,
ಚಿಕ್ಕಪ್ಪ